ಉಂಬೆಲೀನಾಳ ನಲವತ್ತಮೂರು ದೇವದೂತರು

ರೆಬೊರ್ದೆಲಾಸಿನ ಇಗರ್ಜಿಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಪಾದ್ರಿ ಕಾಜಿಮೀರೊ ರಾಜರ ಹೆಸರು ಹೇಳುತ್ತಿದ್ದರು, ಶಾಲೆಯ ಮೇಷ್ಟ್ರು ಶತಮಾನಗಳನ್ನು ಹೇಳುತ್ತಿದ್ದರು. ಉಂಬೆಲೀನಾ ಮಾತ್ರ, "ಕಟ್ಟಿದೋರು ಯಾರೋ ನಂಗೇನ್ ಗೊತ್ತು. ಆದ್ರೆ ಅವರಲ್ಲಿ ಒಬ್ಬನೂ ಹುಟ್ಟಿದಾಗಿಂದ ಪೊರಕೆ ಹಿಡಿದೋನಲ್ಲ," ಎನ್ನುತ್ತಿದ್ದಳು. ಮೂವತ್ತಾರು ವರ್ಷ, ಒಂದು ಶನಿವಾರವನ್ನೂ ಬಿಡದೆ ಆ ಇಗರ್ಜಿಯನ್ನು ಗುಡಿಸಿ ಒರೆಸಿದವಳ ಮಾತು ಅದು. ಅಲ್ಲಗಳೆಯುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಇಗರ್ಜಿಯ ಬೀಗದ ಕೈ ಇರುತ್ತಿದ್ದದ್ದೂ ಅವಳ ಮನೆಯಲ್ಲೇ. ಗೇಣುದ್ದದ ಕಬ್ಬಿಣದ ಕೀಲಿ. ಅಡುಗೆಮನೆಯ ಬಾಗಿಲ ಹಿಂದೆ, ಒಣಮೀನು ತೂಗುಹಾಕುವ ಮೊಳೆಯ ಮಗ್ಗುಲಲ್ಲೇ ನೇತಾಡುತ್ತಿತ್ತು. ಪೇಟೆಯಿಂದ ಇಗರ್ಜಿ ನೋಡಲು ಬಂದ ದೊಡ್ಡಮನುಷ್ಯರು ಕೀಲಿ ಇಸಿದುಕೊಂಡು ಹೋಗಿ, ದೇವರ ಮುಂದೆ ಕೈ ಜೋಡಿಸಿದಾಗಲೆಲ್ಲ ಮೂಗಿಗೆ ಬಕಲ್ಯಾವ್ ಎಂಬ ಆ ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಅದು ಹಳೆಯ ಕಲ್ಲಿನ ವಾಸನೆ ಎಂದು ಕೆಲವರು ಬರೆದೂ ಇಟ್ಟಿದ್ದಾರಂತೆ.

ಈ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಿದ್ದಲ್ಲ. ಹದಿನೆಂಟನೇ ಇಸವಿಯ ಜ್ವರದಲ್ಲಿ ಅವಳ ಗಂಡ ಸೆರಾಫೀಂ ಇವತ್ತೋ ನಾಳೆಯೋ ಎನ್ನುವಂತಾದಾಗ, ಇಪ್ಪತ್ತೊಂದರ ಹುಡುಗಿ ಉಂಬೆಲೀನಾ ಆ ಇಗರ್ಜಿಯ ಸಂತ ತಿಯಾಗೊವಿಗೆ ಹರಕೆ ಹೊತ್ತಿದ್ದಳು: ಇವನು ಎದ್ದು ಕೂತರೆ ಒಂದು ವರ್ಷ ನಿನ್ನ ಮನೆ ಒರೆಸುತ್ತೇನೆ. ಸೆರಾಫೀಂ ಎದ್ದು ಕೂತ. ಎದ್ದವನೇ ಹುರಿದ ಹಂದಿಮಾಂಸ ಕೇಳಿದ. ವರ್ಷ ಮುಗಿಯಿತು, ಇವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತು ವರ್ಷದ ಮೇಲೆ, ಮರಕ್ಕೆ ಹಬ್ಬಿಸಿದ ದ್ರಾಕ್ಷಿ ಕೀಳಲು ಏಣಿ ಹತ್ತಿದ ಸೆರಾಫೀಂ ಕೆಳಗೆ ಬಿದ್ದು ಸತ್ತುಹೋದ. ಆ ವಾರವೂ ಅವಳು ಬಂದಳು. ಮನೆಯಲ್ಲಿ ಕೂತು ಏನು ಮಾಡಲಿ, ಅಲ್ಲಾದರೂ ಬೈಯುವುದಕ್ಕೆ ಯಾರಾದರೂ ಸಿಗುತ್ತಾರೆ ಎಂದಳಂತೆ.

ಬೈಯುವುದಕ್ಕೆ ಅಲ್ಲಿ ಬೇಕಾದಷ್ಟು ಜನ ಸಿಗುತ್ತಿದ್ದರು. ಅದು ಹೆಸರಿಗೆ ಒಂದು ಇಗರ್ಜಿ. ಒಬ್ಬೊಬ್ಬ ದೊರೆಯ ಕಾಲದಲ್ಲಿ ಒಬ್ಬೊಬ್ಬರು ಬಂದು ತಮಗೆ ತೋಚಿದ್ದನ್ನು ಸೇರಿಸಿ ಹೋಗಿದ್ದರು. ಮುಂಭಾಗ ಮೊದಮೊದಲ ದೊರೆಗಳ ಕಾಲದ್ದು. ಮಾರು ದಪ್ಪದ ಕಗ್ಗಲ್ಲ ಗೋಡೆ, ಕಿಟಕಿ ಎಂದರೆ ಕೈ ತೂರದ ಸೀಳು, ಬಾಗಿಲ ಕಮಾನಿನ ಮೇಲೆ ತನ್ನ ಬಾಲ ತಾನೇ ಕಚ್ಚಿಕೊಂಡ ಒಂದು ಮೃಗ. ಓದಿದವರು ಇದನ್ನು ರೋಮನೆಸ್ಕ್ ಎನ್ನುತ್ತಾರೆ. ಉಂಬೆಲೀನಾಳಿಗೆ ಆ ಕಾಲದವರ ಮೇಲೆ ಗೌರವ. ಕೂರುವುದಕ್ಕೆ ಜಾಗವೇ ಇಲ್ಲದ ಮೇಲೆ ಧೂಳು ಎಲ್ಲಿ ಕೂತೀತು. ಎರಡು ಸಲ ಪೊರಕೆ ಆಡಿಸಿದರೆ ಇನ್ನೂರು ವರ್ಷದ ಇತಿಹಾಸ ಚೊಕ್ಕವಾಗುತ್ತಿತ್ತು. ಎಡಕ್ಕಿದ್ದ ಗೋಥಿಕ್ ಮಂಟಪದವರು ಹಾಗಲ್ಲ. ಅವರು ಮೇಲೆ ಮೇಲೆ ಏರಿಸಿಕೊಂಡು ಹೋಗಿ, ಮೊನಚು ಮಾಡಿ, ಆ ಮೊನೆಯನ್ನು ಜೇಡಗಳ ಸುಪರ್ದಿಗೆ ಬಿಟ್ಟು ಇಳಿದಿದ್ದರು. ಅಲ್ಲಿ ಮಲಗಿದ್ದ ಕಲ್ಲಿನ ಸರದಾರನ ಕಾಲಬುಡದಲ್ಲಿ ಕಲ್ಲಿನ ನಾಯಿಯೊಂದಿತ್ತು. ನಾಯಿಯನ್ನು ಅವಳು ಪ್ರತಿವಾರ ಒರೆಸುತ್ತಿದ್ದಳು, ಸರದಾರನನ್ನು ನೆನಪಾದಾಗ.

ಬಲಕ್ಕೆ ಮನುಯೆಲ್ ದೊರೆಯ ಕಾಲದ ಕಿಟಕಿ. ಹಡಗುಗಳು ಇಂಡಿಯಾಕ್ಕೆ ಹೋಗಿ ಬಂದ ಸಂಭ್ರಮವನ್ನು ತಡೆಯಲಾರದೆ ಯಾರೋ ಕಲ್ಲಿನಲ್ಲೇ ಹಗ್ಗ ಹೊಸೆದು, ಗಂಟು ಬಿಗಿದು, ಹವಳ, ಪಾಚಿ, ಬಳ್ಳಿ ಎಲ್ಲವನ್ನೂ ಸುತ್ತಿಬಿಟ್ಟಿದ್ದ. ನಮ್ಮೂರಿಂದ ಸಮುದ್ರಕ್ಕೆ ಎರಡು ದಿನದ ನಡಿಗೆ. "ಹಗ್ಗಾನ ಹಡಗಲ್ಲೇ ಬಿಟ್ಟು ಬರೋದಲ್ವೇನ್ರಪ್ಪ, ಇಲ್ಲಿಗ್ಯಾಕ್ ಹೊತ್ಕೊಂಡ್ ಬಂದ್ರಿ," ಎಂದು ಅವಳು ಗಂಟುಗಂಟಿಗೂ ಬಟ್ಟೆಯ ತುದಿ ಹೊಸೆದು ತೂರಿಸುತ್ತಿದ್ದಳು. ನೀಲಿ ಚಿತ್ರ ಬರೆದ ಗೋಡೆಯ ನುಣುಪು ಹೆಂಚುಗಳ ಮೇಲೆ ಮಾತ್ರ ಅವಳಿಗೆ ಒಲವು. ಒದ್ದೆ ಬಟ್ಟೆ ಒಂದು ಸಲ ಆಡಿಸಿದರೆ ಸಂತನ ಜೀವನಚರಿತ್ರೆಯೇ ಫಳಫಳ. ಆ ಹೆಂಚು ಹಾಕಿಸಿದ ಪುಣ್ಯಾತ್ಮನಿಗೆ ಹೆಂಡತಿ ಇದ್ದಿರಬೇಕು, ಅವನು ಅವಳ ಮಾತು ಕೇಳಿರಬೇಕು ಎಂದು ಅವಳ ಅಂದಾಜು.

ಇನ್ನು ಬಲಿಪೀಠ. ಬ್ರೆಜಿಲ್‌ನಿಂದ ಬಂಗಾರ ಹರಿದುಬರುತ್ತಿದ್ದ ಕಾಲದ ಬರೋಕ್ ಕೆಲಸ ಅದು. ನೆಲದಿಂದ ಚಾವಣಿಯವರೆಗೆ ಮರ ಕೆತ್ತಿ ಮೇಲೆ ಚಿನ್ನದ ರೇಕು ಹಚ್ಚಿದ್ದರು. ತಿರುಚಿಕೊಂಡ ಕಂಬಗಳು, ಕಂಬಕ್ಕೆ ದ್ರಾಕ್ಷಿಬಳ್ಳಿ, ಬಳ್ಳಿಗೆ ಗೊಂಚಲು, ಗೊಂಚಲು ಕುಕ್ಕುವ ಹಕ್ಕಿ, ಇವೆಲ್ಲದರ ಸಂದಿಯಲ್ಲಿ ಬರಿಮೈಯ ನಲವತ್ತಮೂರು ದೇವದೂತರು. ಒಬ್ಬೊಬ್ಬರಿಗೂ ಎರಡು ರೆಕ್ಕೆ, ಎರಡು ಕಂಕುಳು, ಹತ್ತು ಬೆರಳು, ಹೊಟ್ಟೆಯ ಮೇಲೆ ಮೂರು ಮಡಿಕೆ. ಎಂಟು ತಿಂಗಳು ಮಳೆ ಸುರಿಯುವ ಈ ಕಣಿವೆಯಲ್ಲಿ ಒಂದು ವಾರ ಬಿಟ್ಟರೆ ಆ ಮಡಿಕೆಗಳಲ್ಲಿ ಬೂಷ್ಟು. ಅವಳು ಏಣಿ ಹತ್ತಿ, ಒಂದು ಕೈಯಲ್ಲಿ ಬಾತಿನ ಗರಿ, ಒಂದು ಕೈಯಲ್ಲಿ ಎರಡು ದಿನ ಹಳತಾದ ಗೋಧಿ ಬ್ರೆಡ್ಡಿನ ತಿರುಳು ಹಿಡಿದು, ಒಬ್ಬೊಬ್ಬರನ್ನೇ ಉಜ್ಜುತ್ತ, "ಬಟ್ಟೆ ಹಾಕ್ಕೊಂಡಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು," ಎಂದು ಗದರುತ್ತಿದ್ದಳು. ಇಳಿಯುವಾಗ ಮಂಡಿ ಹಿಡಿದುಕೊಂಡು ಸಂತನ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ, "ತಂದೆ ತಿಯಾಗೊ, ಈ ಬಲಿಪೀಠದಿಂದ ನನ್ನ ಬಿಡಿಸಪ್ಪ," ಎನ್ನುತ್ತಿದ್ದಳು.

ಸಂತ ಮೂವತ್ತಾರು ವರ್ಷ ಯೋಚಿಸಿ, ಐವತ್ತನಾಲ್ಕನೇ ಇಸವಿಯ ಮೇ ತಿಂಗಳಲ್ಲಿ ರಾಜಧಾನಿಯಿಂದ ಆಲ್ಬಾನೊ ಕಿಂತೆಲಾ ಎಂಬ ವಾಸ್ತುಶಿಲ್ಪಿಯನ್ನು ಕಳಿಸಿದ.

ದುಂಡನೆಯ, ಬಿಳಿ ಕಾಲರಿನ ಮನುಷ್ಯ. ಕೈಯಲ್ಲಿ ಅಳತೆಪಟ್ಟಿ, ಬಗಲಲ್ಲಿ ನಕ್ಷೆಗಳ ಸುರುಳಿ. ಹಳೆಯ ಇಗರ್ಜಿಗಳಿಗೆ ಆಮೇಲಿನವರು ಅಂಟಿಸಿದ್ದನ್ನೆಲ್ಲ ಕಿತ್ತು, ಅವನ್ನು ಮೊದಲಿನ ರೂಪಕ್ಕೆ ತರುವುದು ಅವನ ಕೆಲಸ. ಬಲಿಪೀಠವನ್ನು ಕಂಡದ್ದೇ ತಡ, ಹಲ್ಲುನೋವು ಬಂದವನಂತೆ ಮುಖ ಮಾಡಿದ.

"ಇದು ನಮ್ಮ ಹನ್ನೆರಡನೇ ಶತಮಾನದ ಮುಖಕ್ಕೆ ಬಳಿದ ಪೌಡರ್ರು, ಪಾದ್ರಿಗಳೇ. ಇದನ್ನ ತೆಗೆದರೆ ಹಿಂದೆ ಶುದ್ಧವಾದ ಕಲ್ಲಿನ ಗೋಡೆ ಇದೆ. ಅರ್ಧಚಂದ್ರಾಕಾರ. ಮುಂಬಾಗಿಲಿನ ಕಾಲದ್ದೇ."

ಪಾದ್ರಿ ಕಾಜಿಮೀರೊ ಸಜ್ಜನರು. ಸೈತಾನನಿಗೆ ಅಷ್ಟಾಗಿ ಹೆದರದಿದ್ದರೂ ರಾಜಧಾನಿಯಿಂದ ಬಂದವರಿಗೆ ಹೆದರುತ್ತಿದ್ದರು. "ತಾವು ಹೇಳಿದ ಮೇಲೆ ಇದ್ದೇ ಇರುತ್ತೆ," ಎಂದರು. ಬಲಿಪೀಠವನ್ನು ಬಿಚ್ಚಿ ಸಾಗಿಸಲು ಜೂನಿನಲ್ಲಿ ಬಡಗಿಗಳು ಬರುವುದೆಂದು ನಿಶ್ಚಯವಾಯಿತು.

ಊರವರಿಗೆ ಬೇಸರವಾಯಿತು, ಆದರೆ ಬೇಸರವನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಎಲ್ಲರೂ ಉಂಬೆಲೀನಾಳನ್ನು ಅಭಿನಂದಿಸತೊಡಗಿದರು. ಮೊದಲು ಬಂದವಳು ಪಕ್ಕದ ಮನೆಯ ಗ್ರಾಸಿಂದಾ. ಊರಿಗೆಲ್ಲ ಜೋಳದ ಬ್ರೆಡ್ಡು ಸುಟ್ಟುಕೊಡುವವಳು.

"ಕೊನೆಗೂ ನಿನ್ನ ಮೊರೆ ಕೇಳಿಸ್ತು ಕಣಕ್ಕ. ಇನ್ಮೇಲೆ ಎರಡು ಸಲ ಪೊರಕೆ ಆಡಿಸಿದ್ರೆ ಆಯ್ತು. ಮಂಡಿಗೂ ಆರಾಮು."

"ಹೂಂ. ಆರಾಮು," ಎಂದಳು ಉಂಬೆಲೀನಾ.

"ಅದೇನ್ ಮುಖ ಹಂಗ್ ಮಾಡ್ಕೊಂಡಿದೀಯ. ಕೇಳಿದ್ದು ನೀನೇ ತಾನೆ?"

"ಕೇಳಿದ್ದೆ. ಕೊಡು ಅಂತ ನಾನು ಹಟ ಮಾಡಿದ್ನಾ?"



ಆ ಶನಿವಾರ ಉಂಬೆಲೀನಾ ಏಣಿ ಹತ್ತಿದವಳು ಬೈಯಲಿಲ್ಲ. ಎಡಗಡೆ ಮೂರನೆಯವನ ಮೂಗಿನ ತುದಿ ಸವೆದಿತ್ತು. ಅದು ತನ್ನ ಬ್ರೆಡ್ಡಿನ ತಿರುಳಿಗೇ ಸವೆದದ್ದು. ಅವಳಿಗೆ ಮಕ್ಕಳಾಗಿರಲಿಲ್ಲ. ಮೂವತ್ತಾರು ವರ್ಷ ವಾರಕ್ಕೊಮ್ಮೆ ಕಿವಿ ಹಿಂಡಿ ಕಂಕುಳು ತಿಕ್ಕಿದ್ದು ಇವರನ್ನೇ. ಈ ಬಲಿಪೀಠ ಹೋದರೆ ತನಗೆ ಉಳಿಯುವುದು ಬರೀ ಆರಾಮು ಎಂದು ಹೊಳೆದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಏಣಿಯ ಮೇಲೇ ಅತ್ತಳು, ಕಣ್ಣೀರು ರೇಕಿನ ಮೇಲೆ ಬೀಳದ ಹಾಗೆ ತಲೆವಸ್ತ್ರ ಒಡ್ಡಿಕೊಂಡು.

ಅತ್ತು ಮುಗಿಸಿ ಮುಖ ಒರೆಸಿಕೊಂಡ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ತಲೆ ಚುರುಕಾಗಿ ಓಡುತ್ತಿತ್ತು. ಸೋಮವಾರ ಕಿಂತೆಲಾ ಅಳತೆ ಹಿಡಿಯುತ್ತಿದ್ದಾಗ ಅವನ ಬೆನ್ನ ಹಿಂದೆ ಹೋಗಿ ನಿಂತಳು.

"ಇದನ್ನ ಕಿತ್ತ ಮೇಲೆ ಹಿಂದೆ ಏನ್ ಕಾಣ್ಸುತ್ತೆ ಅಂದ್ರಿ ಸ್ವಾಮಿ?"

"ಹನ್ನೆರಡನೇ ಶತಮಾನದ ಗೋಡೆ, ತಾಯಿ."

"ನೋಡಿದ್ದೀರಾ?"

"ನಕ್ಷೆ ಇದೆಯಲ್ಲ."

"ನಕ್ಷೆ ಬರೆದೋರು ಯಾರು?"

"ನಾನೇ."

"ಬನ್ನಿ," ಎಂದು ಅವಳು ಬಲಿಪೀಠದ ಮಗ್ಗುಲಿನ ಪುಟ್ಟ ಬಾಗಿಲು ತೆಗೆದಳು. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಪೀಠದ ತುತ್ತತುದಿಯವರೆಗೆ ಮೇಣದ ಬತ್ತಿ ಹಚ್ಚಬೇಕು. ಅದಕ್ಕೆ ಹಿಂದಿನಿಂದ ಹತ್ತುವ ಮೆಟ್ಟಿಲಿನ ಓಣಿ ಅದು. ಉಂಬೆಲೀನಾಳಂಥ ಒಣಕಲು ಹೆಂಗಸಿಗೆಂದೇ ಅಳತೆ ಹಿಡಿದಂತಿತ್ತು. ಕಿಂತೆಲಾ ಅಡ್ಡ ತಿರುಗಿ, ಉಸಿರು ಎಳೆದುಕೊಂಡು, ಒಂದು ಗುಂಡಿಯನ್ನು ಅಲ್ಲೇ ಕಳೆದುಕೊಂಡು ಒಳಗೆ ನುಗ್ಗಿದ. ಅವಳು ದೀಪ ಎತ್ತಿ ಹಿಡಿದಳು.

ಅರ್ಧಚಂದ್ರಾಕಾರ ಇರಲಿಲ್ಲ. ಹೊಲದ ಬದುವಿನಿಂದ ಆಯ್ದು ತಂದ ಕಲ್ಲು, ನಡುವೆ ಮಣ್ಣು, ಒಂದು ಕಡೆ ತೂತು ಮುಚ್ಚಲು ಇಟ್ಟ ಎತ್ತಿನಗಾಡಿಯ ಮುರುಕು ಚಕ್ರ. ಬಲಿಪೀಠಕ್ಕೆ ಜಾಗ ಸಾಲದೆ ಅಂದಿನವರು ಹಳೆಯ ಗೋಡೆಯನ್ನು ಪೂರ್ತಿ ಕೆಡವಿ, ಇನ್ನು ಯಾರು ನೋಡುತ್ತಾರೆ ಎಂದು ಸಿಕ್ಕಿದ್ದರಲ್ಲಿ ಮುಚ್ಚಿಬಿಟ್ಟಿದ್ದರು.

"ಹಾಗಾದ್ರೆ ಆ ಕಲ್ಲೆಲ್ಲ?" ಎಂದ ಕಿಂತೆಲಾ. ಅವನ ದನಿ ಇಳಿದಿತ್ತು.

"ಗ್ರಾಸಿಂದಾ ಮನೇಲಿದೆ. ಇಷ್ಟು ದಿನ ಯಾರ್ ಕೇಳಿದ್ರು ನನ್ನ?"

ಗ್ರಾಸಿಂದಾಳ ಮನೆಯ ಹಿಂದೆ ಅವಳ ಅಜ್ಜನ ಅಜ್ಜ ಕಟ್ಟಿದ ಹಂದಿಗೂಡು ಇತ್ತು. ಬೇರೆ ಊರುಗಳಲ್ಲಿ ಮನುಷ್ಯರಿಗೂ ಇಲ್ಲದ ಗಟ್ಟಿ ಗೋಡೆ. ಬಾಗಿಲಿನ ಮೇಲ್ಗಲ್ಲಿನಲ್ಲಿ, ತನ್ನ ಬಾಲ ತಾನೇ ಕಚ್ಚಿಕೊಂಡ ಮೃಗ. ಇಗರ್ಜಿಯ ಮುಂಬಾಗಿಲಿನದರ ಒಡಹುಟ್ಟು. ಅದನ್ನು ಗುರುತು ಹಿಡಿಯಲು ಉಂಬೆಲೀನಾಳಿಗೆ ಪುಸ್ತಕ ಬೇಕಿರಲಿಲ್ಲ, ಅದರ ಹಲ್ಲಿನ ಸಂದಿಗಳು ಅವಳ ಬೆರಳಿಗೆ ಗೊತ್ತಿದ್ದವು. ಜಿನುಗುವ ಮಳೆಯಲ್ಲಿ ಕಿಂತೆಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ದೊಡ್ಡ ಹಂದಿಯೊಂದು ಹನ್ನೆರಡನೇ ಶತಮಾನಕ್ಕೆ ಬೆನ್ನು ಕೊಟ್ಟು ಸುಖವಾಗಿ ಉಜ್ಜಿಕೊಳ್ಳುತ್ತಿತ್ತು.

"ಬೇಕಾದ್ರೆ ಕಲ್ಲು ತಗೊಂಡ್ ಹೋಗಿ ಸ್ವಾಮಿ," ಎಂದಳು ಗ್ರಾಸಿಂದಾ. "ಇವಕ್ಕೆ ಮಾತ್ರ ಇದೇ ತರದ್ದು ಇನ್ನೊಂದು ಕಟ್ಟಿಸ್ಕೊಡಿ. ಸಣ್ಣಪುಟ್ಟ ಜಾಗದಲ್ಲಿ ಇರೋ ಅಭ್ಯಾಸ ಇಲ್ಲ ಅವಕ್ಕೆ."

ಕಿಂತೆಲಾ ನಕ್ಷೆ ಸುತ್ತಿದ. ಬಡಗಿಗಳು ಬರಲಿಲ್ಲ. ಉಂಬೆಲೀನಾ ಬೇಸಿಗೆಯೆಲ್ಲ ಏಣಿಯ ಮೇಲೆ ಹಾಡಿಕೊಳ್ಳುತ್ತಿದ್ದಳು. ಅವಳ ಹಾಡಿಗಿಂತ ಬೈಗಳೇ ಕಿವಿಗೆ ಇಂಪಾಗಿದ್ದವು ಎಂದು ಊರಿಗೆಲ್ಲ ಅನ್ನಿಸಿತು.

ಅಕ್ಟೋಬರಿನಲ್ಲಿ ರಾಜಧಾನಿಯಿಂದ ಕಿಂತೆಲಾನ ವರದಿ ಬಂತು. ಭಾನುವಾರದ ಪೂಜೆ ಮುಗಿದ ಮೇಲೆ ಪಾದ್ರಿಗಳು ಹೆಮ್ಮೆಯಿಂದ ಓದಿದರು. ಬಲಿಪೀಠ ಉತ್ತರ ಪ್ರಾಂತ್ಯದ ಬರೋಕ್ ಕೆತ್ತನೆಯ ಶ್ರೇಷ್ಠ ಮಾದರಿ. ಅದನ್ನು ಇದ್ದಂತೆಯೇ ಉಳಿಸತಕ್ಕದ್ದು. ಜನ ತಲೆದೂಗಿದರು. ಪಾದ್ರಿಗಳು ಮುಂದಿನ ಸಾಲನ್ನೂ ಓದಿದರು: "ಚಿನ್ನದ ರೇಕಿನ ಸ್ಥಿತಿ ಆಶ್ಚರ್ಯಕರವಾಗಿ ಉತ್ತಮ. ಇದಕ್ಕೆ ಕಾರಣ ಆ ಸ್ಥಳದ ಒಣ ಹವೆ."

ಹೊರಗೆ ಮಳೆ ಹೆಂಚು ಒಡೆಯುವಂತೆ ಸುರಿಯುತ್ತಿತ್ತು. ಬಾಗಿಲಲ್ಲಿ ಇಟ್ಟಿದ್ದ ನಲವತ್ತು ಛತ್ರಿಗಳಿಂದ ಹರಿದ ನೀರು ಕಲ್ಲಿನ ನಾಯಿಯವರೆಗೂ ಬಂದಿತ್ತು. ಮೊದಲು ಗ್ರಾಸಿಂದಾ ಕಿಸಕ್ಕೆಂದಳು, ಆಮೇಲೆ ಬೆಂಚುಬೆಂಚೇ ನಕ್ಕಿತು. ಉಂಬೆಲೀನಾ ನಗಲಿಲ್ಲ. ಅವಳಿಗೆ ಅವಮಾನವಾಗಿತ್ತು. ಯಾರಾದರೂ ಹೊಗಳಲಿ ಎಂದು ಅವಳು ಎಂದೂ ಕಾದವಳಲ್ಲ, ಹೆಸರು ಬರೆಯದೇ ಬಿಟ್ಟಿದ್ದರೂ ಬೇಜಾರಿರಲಿಲ್ಲ. ತನ್ನ ಜಾಗದಲ್ಲಿ ಗಾಳಿಯನ್ನು ಬರೆದದ್ದು, ಅದೂ ಒಣಗಿದ ಗಾಳಿಯನ್ನು, ತಡೆಯಲಾಗಲಿಲ್ಲ.

ಮುಂದಿನ ಶನಿವಾರ ಅವಳು ಬರಲಿಲ್ಲ. ಪಾದ್ರಿಗಳು ಮನೆಗೆ ಹೋದರು. ಅವಳು ಎಲೆಕೋಸು ಹೆಚ್ಚುತ್ತಿದ್ದಳು.

"ಮೈಗೆ ಹುಷಾರಿಲ್ವೇನಮ್ಮ?"

"ನಂಗೇನಾಗಿದೆ. ಗುಂಡುಕಲ್ಲಿನ ತರ ಇದೀನಿ."

"ಮತ್ತೆ ಬಲಿಪೀಠ?"

"ಒಣ ಹವೆ ಬರುತ್ತಲ್ಲ, ಒರೆಸ್ಲಿ. ಕೀಲಿ ಅಲ್ಲಿದೆ ನೋಡಿ, ಅದಕ್ಕೇ ಕೊಟ್ಬಿಡಿ."

"ನೀನು ಹರಕೆ ಹೊತ್ತವಳು, ಉಂಬೆಲೀನಾ."

"ಒಂದು ವರ್ಷದ್ದು, ಪಾದ್ರಿಗಳೇ. ಮುಗಿದು ಮೂವತ್ತೈದು ವರ್ಷ ಆಯ್ತು."

ಚಳಿಗಾಲ ಬಂತು. ಅವಳ ಬದಲು ಗ್ರಾಸಿಂದಾ ಏಣಿ ಹತ್ತಿದಳು. ಬ್ರೆಡ್ಡಿನಲ್ಲಿ ಉಜ್ಜುವುದೆಂದು ಅವಳಿಗೆ ಗೊತ್ತಿತ್ತು, ಯಾವ ಬ್ರೆಡ್ಡೆಂದು ಗೊತ್ತಿರಲಿಲ್ಲ. ತನ್ನ ಒಲೆಯಿಂದ ಆಗಷ್ಟೇ ತೆಗೆದ ಜೋಳದ ಬ್ರೆಡ್ಡು ತಂದಳು. ಅದು ಅರ್ಧದಷ್ಟು ದೇವದೂತರ ಕಿವಿಯಲ್ಲಿ ಕೂತು ಗಟ್ಟಿಯಾಯಿತು. ಇಲಿಗಳು ಪೂಜೆಗೆ ಬರತೊಡಗಿದವು. ಕ್ರಿಸ್ಮಸ್ ಹೊತ್ತಿಗೆ ಕಂಬದ ದ್ರಾಕ್ಷಿಗಳ ಮೇಲೆ ಬಿಳಿ ಬೂಷ್ಟು, ಜನವರಿಯಲ್ಲಿ ಹಸಿರು. ಫೆಬ್ರವರಿಯ ಮೊದಲ ವಾರ, ಪಾದ್ರಿಗಳು ಉಪದೇಶದ ನಡುವೆ ಕೈ ಎತ್ತಿದ್ದಾಗ, ಒಂದು ಚಿನ್ನದ ರೆಕ್ಕೆ ಕಳಚಿ ಅವರ ಕಾಲ ಬುಡಕ್ಕೆ ಬಿತ್ತು.

ಉಂಬೆಲೀನಾ ಪೂಜೆಗೆ ತಪ್ಪದೆ ಬರುತ್ತಿದ್ದಳು, ಕಡೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳ ಭಕ್ತಿ ಹೆಚ್ಚಿತೆಂದು ಕೆಲವರು ತಿಳಿದರು. ಕಣ್ಣು ತೆರೆದರೆ ತಾನು ಸೋಲುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಬಲಿಪೀಠ ಕೊಳೆಯುವುದೋ ತನ್ನ ಹಟ ಮುರಿಯುವುದೋ, ಎರಡರಲ್ಲಿ ಒಂದು ಆಗಲೇಬೇಕಿತ್ತು. ಒಳಗೊಳಗೇ ಅವಳು ಬೇಯುತ್ತಿದ್ದಳು. ರೆಕ್ಕೆ ಬಿದ್ದ ಸದ್ದಿಗೆ ಅದು ಯಾರದೆಂದು ಕಣ್ಣು ತೆರೆಯದೆಯೇ ಗುರುತಿಸಿದಳು: ಬಲಗಡೆ ಮೇಲಿನ ಸಾಲು, ಎರಡನೆಯವನು.

ಆ ಗುರುವಾರವೇ ಕಿಂತೆಲಾ ಮತ್ತೆ ಬಂದ. ವರದಿ ಅಚ್ಚಾಗಲಿದ್ದ ಪುಸ್ತಕಕ್ಕೆ ಬಲಿಪೀಠದ ಚಿತ್ರ ಬೇಕೆಂದು ಫೋಟೋದವನನ್ನೂ ಕರೆತಂದಿದ್ದ. ಕಂಡವನೇ ಬಾಯಿ ತೆರೆದ.

"ಏನಿದು ಪಾದ್ರಿಗಳೇ. ಇಲ್ಲಿನ ಹವೆ ಬದಲಾಯಿತೇ?"

ಪಾದ್ರಿ ಕಾಜಿಮೀರೊ ನೆಲ ನೋಡಿದರು. ಅವರ ಕೈಯಲ್ಲಿ ಆ ರೆಕ್ಕೆ ಇತ್ತು. ಕೊನೆಗೆ, ರಾಜಧಾನಿಯಿಂದ ಬಂದವನೊಬ್ಬನಿಗೆ ತಮ್ಮ ಜೀವನದಲ್ಲೇ ಮೊದಲ ಸಲ ಎದುರಾಡಿದರು.

"ಹವೆ ಬದಲಾಗಿಲ್ಲ ಸ್ವಾಮಿ. ಆಗಲೂ ಮಳೆ ಹೀಗೇ ಬರ್ತಿತ್ತು. ಆಗ ಒಬ್ಬಳು ಒರೆಸ್ತಿದ್ದಳು. ನಿಮಗೆ ಹಂದಿಗೂಡು ತೋರಿಸಿದಳಲ್ಲ, ಅವಳು. ನಿಮ್ಮ ವರದೀನ ನಾನೇ ಓದಿ ಹೇಳಿದೆ, ನನ್ನ ಬುದ್ಧಿಗೂ ಹೊಳೀಲಿಲ್ಲ."

ಕಿಂತೆಲಾ ದುಂಡಗಿದ್ದರೂ ದುರಹಂಕಾರಿಯಲ್ಲ. ಅವಳ ಮನೆ ಬಾಗಿಲಿಗೆ ಬಂದು, ಮಳೆಯಲ್ಲೇ ನಿಂತು, ಬಗಲ ಚೀಲದಿಂದ ಆ ವರದಿಯ ಪ್ರತಿ ತೆಗೆದ. ಉಂಬೆಲೀನಾ ಹುರುಳಿಕಾಯಿ ಬಿಡಿಸುತ್ತಿದ್ದಳು, ಕೂರಲು ಹೇಳಲಿಲ್ಲ.

"ತಪ್ಪಾಯಿತು ತಾಯಿ. ತಿದ್ದಿಬಿಡ್ತೀನಿ. ಪುಸ್ತಕದಲ್ಲೂ ಹಾಗೇ ಅಚ್ಚಾಗುತ್ತೆ. ಪೂರ್ತಿ ಹೆಸರು ಹೇಳಿ."

"ಉಂಬೆಲೀನಾ ದ ಕೊನ್ಸೆಯ್ಸಾವ್ ಮೊತಿನ್ಯೊ. ಸೆರಾಫೀಮನ ಹೆಂಡ್ತಿ."

ಅವನು ಒಣ ಹವೆಗೆ ಅಡ್ಡಗೆರೆ ಎಳೆದ. ಹೊಸ ಸಾಲು ಬರೆದ. ಅವಳಿಗೆ ಓದು ಬರುತ್ತಿರಲಿಲ್ಲ.

"ಓದಿ," ಎಂದಳು.

"ಚಿನ್ನದ ರೇಕಿನ ಸ್ಥಿತಿ ಆಶ್ಚರ್ಯಕರವಾಗಿ ಉತ್ತಮ. ಇದಕ್ಕೆ ಕಾರಣ, ಉಂಬೆಲೀನಾ ದ ಕೊನ್ಸೆಯ್ಸಾವ್ ಮೊತಿನ್ಯೊ, ಸೆರಾಫೀಮನ ಹೆಂಡತಿ."

ಅವಳು ಇನ್ನೊಂದು ಸಲ ಓದಿಸಿದಳು. ಆಮೇಲೆ ಹುರುಳಿಕಾಯಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಆ ಕಾಗದವನ್ನು ಅವನ ಕೈಯಿಂದ ತೆಗೆದು ಮಡಚಿ ಅವನ ಚೀಲಕ್ಕೇ ಹಾಕಿದಳು.

"ಇದನ್ನ ಈಗ ಅಚ್ಚಿಗೆ ಕೊಡಬೇಡಿ," ಎಂದಳು. "ಈಗ ಅದು ಉತ್ತಮವಾಗಿಲ್ಲ. ನನ್ನ ಹೆಸರು ಹಾಕಿ ಸುಳ್ಳು ಬರೀಬೇಡಿ. ಮೂರು ಶನಿವಾರ ತಡೀರಿ."